ಕಣಗಿನಹಾಳದ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರೂ ಅಜ್ಜನ ಸಾಲದ ಚರಿತ್ರೆಯೂ

ಗದಗಿಗೆ ಸಮೀಪವಾಗಿರುವ ಕಣಗಿನಹಾಳವು ಎರೆನಾಡಿನ ಒಂದು ಸಾಧಾರಣ ಗ್ರಾಮ. ರಾಜಧಾನಿಯೆಂದು ಮೆರೆದ ಊರಲ್ಲ. ಮಹಾಯುದ್ಧಗಳ ಕಥನದಲ್ಲಿ ಅದರ ಹೆಸರು ಬರುವುದಿಲ್ಲ. 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು ಅಂದಿನಿಂದ ಗದಗ ಜಿಲ್ಲೆಗೆ ಸೇರಿರುವ ಈ ಗ್ರಾಮವು ಭರತಖಂಡದ ಆರ್ಥಿಕ ಚರಿತ್ರೆಯಲ್ಲಿ ಸ್ಥಾನ ಪಡೆದುದು ಅಲ್ಲಿಯ ಒಬ್ಬ ವೃದ್ಧ ಒಕ್ಕಲಿಗರಿಂದ. ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1843ರಲ್ಲಿ ಜನಿಸಿ 1933ರಲ್ಲಿ ದೇಹವಿಟ್ಟರು. ಅವರನ್ನು ಜನರು ‘ಸಹಕಾರ ಪಿತಾಮಹ’ರೆಂದು ಕರೆಯುತ್ತ ಬಂದಿರುವರು. ಪಿತಾಮಹನೆಂದರೆ ಅಜ್ಜನಷ್ಟೆ. ಬಿರುದುಗಳಲ್ಲಿ ಬಹಳಷ್ಟು ಬರಿಯ ಅಲಂಕಾರಕ್ಕಾಗಿ ಹುಟ್ಟಿದವು. ಈ ಬಿರುದಿನಲ್ಲಿ ಮಾತ್ರ ಒಂದು ನಿಜವಾದ ಅರ್ಥವಿದೆ. ಹಳ್ಳಿಯ ಅಜ್ಜನ ಸಾಲಕ್ಕೂ ಮೊಮ್ಮಗನ ಹೊಲಕ್ಕೂ ಇರುವ ಸಂಬಂಧವನ್ನು ತಿಳಿಯದೆ ಸಿದ್ದನಗೌಡರ ಕಾರ್ಯದ ಬೆಲೆ ತಿಳಿಯಲಾರದು.

ನಮ್ಮ ಹಳ್ಳಿಯ ಹಿರಿಯರು ವಯಸ್ಸನ್ನು ಇಸವಿಯಿಂದ ಎಣಿಸಿದವರಲ್ಲ. ಸಂವತ್ಸರದಿಂದಲೂ ಬರದಿಂದಲೂ ಬೇನೆಯಿಂದಲೂ ಎಣಿಸಿದರು. 1843ರ ಯುಗಾದಿಗೆ ಪ್ರವೇಶವಾದುದು ಶೋಭಕೃತು ಸಂವತ್ಸರ. ಅರುವತ್ತರ ಚಕ್ರ ಒಂದು ಸುತ್ತು ಪೂರ್ತಿಯಾಗಿ ಅದೇ ಹೆಸರಿನ ಸಂವತ್ಸರವು ಮರಳಿ ಬಂದುದು 1903ರಲ್ಲಿ. ಲೋಕದ ವ್ಯವಹಾರವನ್ನು ಮಕ್ಕಳಿಗೆ ಒಪ್ಪಿಸಿ ಕಟ್ಟೆಯ ಮೇಲೆ ಕುಳಿತುಕೊಳ್ಳುವ ಪ್ರಾಯವದು. ಆದರೆ ಸಿದ್ದನಗೌಡರ ಹೆಸರನ್ನು ಉಳಿಸಿದ ಕಾರ್ಯವು ಆ ಸುತ್ತು ಮುಗಿದ ಬಳಿಕವೇ, ಅವರ ಅರುವತ್ತೆರಡನೆಯ ವಯಸ್ಸಿನ ಸುಮಾರಿಗೆ, ನಡೆಯಿತು. ಅದಕ್ಕಿಂತ ಹಿಂದಿನ ಆರು ದಶಕಗಳೇ ಆ ಕಾರ್ಯಕ್ಕೆ ಪಾಠಶಾಲೆಯಾಗಿದ್ದವೆಂದು ಹೇಳಿದರೆ ತಪ್ಪಾಗದು.

ಅವರು ಜನಿಸಿದಾಗ ಈ ಪ್ರಾಂತವು ಕಂಪನಿ ಸರಕಾರದ ಕೈಸೇರಿ ಇಪ್ಪತ್ತೈದು ವರ್ಷಗಳಾಗಿದ್ದವು. 1818ರಲ್ಲಿ ಜನರಲ್ ಮನ್ರೋ ಸಾಹೇಬನು ಪೇಶವೆಯರಿಂದ ಗದಗು, ಡಂಬಳ, ಹುಬ್ಬಳ್ಳಿಗಳನ್ನು ಗೆದ್ದುಕೊಂಡಿದ್ದನು. ಸಿದ್ದನಗೌಡರ ಬಾಲ್ಯದ ದಿನಗಳಲ್ಲಿಯೇ ವಿಂಗೇಟ್ ಸಾಹೇಬನ ಮೇಲ್ವಿಚಾರಣೆಯಲ್ಲಿ ದಕ್ಷಿಣ ಮಹಾರಾಷ್ಟ್ರ ಪ್ರಾಂತದ ಭೂಮಾಪನವು ನಡೆಯಿತು. ಒಂದೊಂದು ಹೊಲಕ್ಕೂ ಒಂದೊಂದು ನಂಬರು ಬಂದಿತು; ಎಲ್ಲೆಗೆ ಕಲ್ಲು ನೆಟ್ಟರು; ಮೂವತ್ತು ವರ್ಷಗಳವರೆಗೆ ಬದಲಾಗದ ಆಕಾರವನ್ನು ಗೊತ್ತುಮಾಡಿದರು. ಹಿಂದಿನ ಅನಿಶ್ಚಿತವಾದ ವಸೂಲಿಗೆ ಹೋಲಿಸಿದರೆ ಒಕ್ಕಲಿಗನಿಗೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರ ಇನ್ನೊಂದು ಮುಖವು ನಿಧಾನವಾಗಿ ತೋರಿಬಂದಿತು. ಹೊಲವು ಒಬ್ಬನ ಹೆಸರಿನಲ್ಲಿ ದಾಖಲಾಗಿ, ಆಕಾರವು ಹಗುರವಾಗಿ, ಮಾರಲಿಕ್ಕೂ ಒತ್ತೆಯಿಡಲಿಕ್ಕೂ ಬರುವ ವಸ್ತುವಾದೊಡನೆಯೇ ಸಾವಕಾರನ ದೃಷ್ಟಿಯು ಬೆಳೆಯಿಂದ ಹೊಲದ ಕಡೆಗೆ ತಿರುಗಿತು. ಮೊದಲು ಅವನು ಒಕ್ಕಲಿಗನ ರಾಶಿಯನ್ನು ನೋಡಿ ಸಾಲ ಕೊಡುತ್ತಿದ್ದನು. ಈಗ ನಂಬರು ನೋಡಿ ಕೊಡತೊಡಗಿದನು.

1858ರಲ್ಲಿ, ಸಿದ್ದನಗೌಡರು ಹದಿನೈದರ ಹುಡುಗರಾಗಿದ್ದಾಗ, ಈ ಭಾಗದಲ್ಲಿ ದಂಗೆಯ ಬೆಂಕಿ ಹೊತ್ತಿತು. ಮುಂಡರಗಿಯ ಭೀಮರಾಯನು ಡಂಬಳದ ಮೇಲೆ ಬಿದ್ದು ಅನಂತರ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದನು. ನರಗುಂದದ ಬಾಬಾಸಾಹೇಬನು ಸೆರೆಯಾಗಿ ಗಲ್ಲಿಗೇರಿದನು. ಗದಗಿನ ಸುತ್ತಲಿನ ಹಳ್ಳಿಗಳಲ್ಲಿ ಇವರ ಕಥೆಯು ಲಾವಣಿಯಾಗಿ ಉಳಿದುಕೊಂಡಿತು. ಪಾಟೀಲ ಮನೆತನಗಳಿಗೆ ಅಂಥ ಕಾಲವು ಕಠಿಣವಾದುದು. ಸರಕಾರದ ಕಂದಾಯ ವಸೂಲಿಗೂ ಊರಿನ ಬಂದೋಬಸ್ತಿಗೂ ಗೌಡನೇ ಉತ್ತರವಾದಿ; ಊರವರ ಕಷ್ಟಕ್ಕೂ ಅವನೇ ಮೊದಲನೆಯ ಬಾಗಿಲು. ಎರಡು ಕಡೆಯೂ ವಿಶ್ವಾಸ ಉಳಿಸಿಕೊಳ್ಳಬೇಕಾದ ಈ ಇಕ್ಕಟ್ಟಿನಲ್ಲಿಯೇ ಹಳೆಯ ಗೌಡರು ಬುದ್ಧಿವಂತಿಕೆ ಕಲಿತರು, ಕಲಿಯಲಾರದವರು ಹಾಳಾದರು.

ಮುಂದೆ ಬಂದುದು ಹತ್ತಿಯ ಕಾಲ. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತಃಕಲಹ ನಡೆದು ಅಲ್ಲಿಯ ಹತ್ತಿಯು ವಿಲಾಯತಿಯ ಗಿರಣಿಗಳಿಗೆ ಬಾರದಂತಾಯಿತು. ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಎರೆಹೊಲಗಳಲ್ಲಿ ದೇಶೀ ತಳಿಯೊಡನೆ ಧಾರವಾಡ-ಅಮೇರಿಕನ್ ಎಂಬ ತಳಿಯೂ ಅದಾಗಲೇ ಹರಡಿದ್ದಿತು. ಇಪ್ಪತ್ತರ ತರುಣನೊಬ್ಬನು ತನ್ನ ಕಣ್ಣೆದುರು ಅರಳೆಯ ಬೆಲೆ ಏರಿದುದನ್ನೂ, ಒಕ್ಕಲಿಗನು ಹೊಸ ಎತ್ತು ಕೊಂಡು, ಮದುವೆಯನ್ನು ಅದ್ಧೂರಿಯಿಂದ ಮಾಡಿ, ಸಾಲವನ್ನು ಹೆದರದೆ ತೆಗೆದುದನ್ನೂ, ಯುದ್ಧ ನಿಂತೊಡನೆ ಬೆಲೆ ಕುಸಿದು ಸಾಲ ಮಾತ್ರ ಉಳಿದುದನ್ನೂ ಒಂದೇ ಐದಾರು ವರ್ಷಗಳಲ್ಲಿ ನೋಡಬಹುದಾಗಿದ್ದಿತು. ದೂರದೇಶದ ಕಾಳಗವು ಕಣಗಿನಹಾಳದ ಕಣಕ್ಕೆ ಬಂದುದು ಹೀಗೆ.

ಇಲ್ಲಿ ಸಾಲದ ಶಾಸ್ತ್ರವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರರು ಕನ್ನಡ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಇದ್ದವರು. ಅವರ ಗ್ರಂಥವು ಭರತಖಂಡದ ಬಹುಭಾಗಕ್ಕೆ ದಾಯಭಾಗದ ಪ್ರಮಾಣವಾಯಿತು. ಋಣಾದಾನ ಪ್ರಕರಣದಲ್ಲಿ ಅಲ್ಲಿ ಕಂಡುಬರುವ ಕ್ರಮವಿದು: ತಂದೆಯ ಸಾಲವನ್ನು ಮಗನು ತನ್ನ ಸಾಲದಂತೆಯೇ ಬಡ್ಡಿಸಹಿತ ತೀರಿಸಬೇಕು; ಅಜ್ಜನ ಸಾಲವನ್ನು ಮೊಮ್ಮಗನು ಬಡ್ಡಿಯಿಲ್ಲದೆ ಅಸಲು ಮಾತ್ರ ತೀರಿಸಬೇಕು; ಅದಕ್ಕೂ ಕೆಳಗಿನ ತಲೆಗೆ, ಆಸ್ತಿ ಕೈಸೇರದಿದ್ದರೆ, ಹೊಣೆಯಿಲ್ಲ. ಜೂಜು, ಮದ್ಯ ಮೊದಲಾದ ದುರ್ವ್ಯಸನಕ್ಕೆ ಮಾಡಿದ ಸಾಲವು ಮಕ್ಕಳಿಗೆ ತಗಲದು. ಇದರ ಹಿಂದಿದ್ದ ಭಾವನೆಯು ಲೌಕಿಕವಲ್ಲ. ಋಣ ತೀರದೆ ಸತ್ತವನಿಗೆ ಗತಿಯಿಲ್ಲವೆಂಬ ನಂಬಿಗೆ. ಬಡ್ಡಿಯು ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟಿನ ನಿಯಮವೂ ಹಳೆಯದೇ. ಮುಂಬಯಿ ಇಲಾಖೆಯ ನ್ಯಾಯಾಲಯಗಳು ಅದನ್ನು ಮನ್ನಿಸುತ್ತಿದ್ದವು. 1866ರಲ್ಲಿ ಮುಂಬಯಿ ಸರಕಾರವು ಒಂದು ಕಾಯಿದೆಯನ್ನು ಮಾಡಿ, ಹಿರಿಯರಿಂದ ಬಂದ ಆಸ್ತಿಯಷ್ಟಕ್ಕೆ ಮಾತ್ರ ಮಗನೂ ಮೊಮ್ಮಗನೂ ಬಾಧ್ಯರೆಂದು ನಿರ್ಣಯಿಸಿತು.

ಶಾಸ್ತ್ರವೂ ಕಾಯಿದೆಯೂ ಇಷ್ಟು ಸೌಮ್ಯವಾಗಿದ್ದ ಮೇಲೆ ಒಕ್ಕಲಿಗನೇಕೆ ಮುಳುಗಿದನು? ಉತ್ತರವು ಕಾಗದದಲ್ಲಿದೆ. ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯೆಂದು ಇಟ್ಟುಕೊಂಡರೆ, ನಾಲ್ಕು ವರ್ಷ ಎರಡು ತಿಂಗಳಿಗೆ ಬಡ್ಡಿಯು ಅಸಲಿಗೆ ಸಮವಾಗುತ್ತದೆ. ದಾಮದುಪ್ಪಟ್ಟಿನಂತೆ ಅಲ್ಲಿಗೆ ನಿಲ್ಲಬೇಕು. ಆದರೆ 1859ರ ಅವಧಿ ಕಾಯಿದೆಯು ನೋಂದಣಿಯಾಗದ ಸಾಲಪತ್ರಕ್ಕೆ ಮೂರು ವರ್ಷಗಳ ಮಿತಿಯನ್ನಿಟ್ಟಿದ್ದಿತು. ರೈತನ ರಕ್ಷಣೆಗೆಂದು ಮಾಡಿದ ಆ ಮಿತಿಯೇ ಅವನ ಕೊರಳಿಗೆ ಬಂದಿತು. ಮೂರು ವರ್ಷ ತುಂಬುವ ಮೊದಲೇ ಸಾವಕಾರನು ಹಳೆಯ ಕಾಗದವನ್ನು ಹರಿದು, ಬಡ್ಡಿಯನ್ನು ಅಸಲಿಗೆ ಕೂಡಿಸಿ, ಹೊಸ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವನು. ನಿನ್ನೆಯ ಬಡ್ಡಿಯು ಇಂದಿನ ಅಸಲಾಗುವುದು. ದಾಮದುಪ್ಪಟ್ಟು ಹೊಸ ಅಸಲಿನಿಂದ ಮತ್ತೆ ಎಣಿಕೆಯಾಗುವುದು. ಹೊಲ ಉಳಿಸಿಕೊಳ್ಳಬೇಕೆಂಬ ಆಶೆಯಿಂದ ಅಜ್ಜನ ನಂತರ ಮಗನು, ಮಗನ ನಂತರ ಮೊಮ್ಮಗನು ಅದೇ ಹೊಸ ಕಾಗದಕ್ಕೆ ಕೈಗುರುತು ಹಾಕುವರು. ಹಾಕಿದ ಬಳಿಕ ಅದು ಅಜ್ಜನ ಸಾಲವಲ್ಲ, ಹಾಕಿದವನ ಸ್ವಂತ ಸಾಲ. ಬಡ್ಡಿಯಿಲ್ಲದೆ ಅಸಲು ಮಾತ್ರ ಎಂಬ ವಿಜ್ಞಾನೇಶ್ವರರ ಕರುಣೆಯು ಹೀಗೆ ಮೊಮ್ಮಗನಿಗೆ ದಕ್ಕದೆ ಹೋಯಿತು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಎದ್ದು ಸಾವಕಾರರ ಮನೆಗೆ ನುಗ್ಗಿದಾಗ ಅವರು ಮೊದಲು ಕೇಳಿದುದು ಹಣವನ್ನಲ್ಲ, ಸಾಲಪತ್ರಗಳನ್ನು, ಅವುಗಳನ್ನು ಸುಟ್ಟರು. 1879ರಲ್ಲಿ ಆದ ದಖ್ಖನ್ ರೈತರ ಪರಿಹಾರ ಕಾಯಿದೆಯು ಪುಣೆ, ಸಾತಾರಾ, ಸೋಲಾಪುರ, ಅಹಮದನಗರಗಳಿಗಾಗಿ ಮಾಡಿದುದು. ಧಾರವಾಡ ಸೀಮೆಯು ಆಗ ಅದರಲ್ಲಿ ಸೇರಲಿಲ್ಲ.

ಅಷ್ಟರೊಳಗೆ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮವು ಬಂದುಹೋಗಿದ್ದಿತು. 1876ರಲ್ಲಿ ಮಳೆ ಕೈಕೊಟ್ಟಿತು. 1877ರಲ್ಲಿಯೂ ಜನ ಆಕಾಶ ನೋಡುತ್ತ ಕುಳಿತರು. ಕಲಾದಗಿ, ಧಾರವಾಡ, ಬೆಳಗಾವಿ ಜಿಲ್ಲೆಗಳೂ ಮೈಸೂರು, ಬಳ್ಳಾರಿ ಸೀಮೆಗಳೂ ಒಟ್ಟಿಗೆ ಬೆಂದವು. ಹಗೇವುಗಳ ಬಾಯಿ ತೆರೆದು ಹಳೆಯ ಜೋಳವನ್ನು ಎತ್ತಿದರು. ಅದು ತೀರಿದ ಮೇಲೆ ಗುಳೆ ಹೋದರು. ಸರಕಾರವು ಪರಿಹಾರದ ಕೆಲಸಗಳನ್ನು ತೆರೆದರೂ, ಸರ್ ರಿಚರ್ಡ್ ಟೆಂಪಲ್ಲನು ಕೂಲಿಯನ್ನು ದಿನಕ್ಕೊಂದು ಪೌಂಡು ಧಾನ್ಯದ ಬೆಲೆಗೆ ಇಳಿಸಿದುದರಿಂದ ದುಡಿಯುವವರ ಎಲುಬು ಎಣಿಸುವಂತಾಯಿತು. 1872ರ ಜನಗಣತಿಗಿಂತ 1881ರ ಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆಯು ಕಡಿಮೆಯಾಗಿ ಕಂಡಿತು. ಆ ಬರದಲ್ಲಿ ಸಿದ್ದನಗೌಡರಿಗೆ ಮೂವತ್ತಮೂರು ವರ್ಷ. ಸಂಸಾರದ ಭಾರ ಹೊರುವ ವಯಸ್ಸು.

ಬರದ ವಿಷಯದಲ್ಲಿ ಪಟ್ಟಣದವರು ಮರೆಯುವ ಸಂಗತಿಯೊಂದಿದೆ. ಮಳೆ ಬಂದೊಡನೆ ಬರ ಮುಗಿಯುವುದಿಲ್ಲ. ಸಾಲದ ಬರವು ಆಗಲೇ ಆರಂಭವಾಗುವುದು. ಮೇವಿಲ್ಲದೆ ಎತ್ತುಗಳು ಸತ್ತಿರುತ್ತವೆ. ಬೀಜದ ಜೋಳವನ್ನು ಉಂಡು ತೀರಿಸಿಯಾಗಿರುತ್ತದೆ. ಹದವಾದ ಎರೆಭೂಮಿಯು ಕಣ್ಣೆದುರು ಬಿದ್ದಿದ್ದು, ಕೂರಿಗೆ ಹೂಡಲು ಎತ್ತಿಲ್ಲದ ಒಕ್ಕಲಿಗನಿಗೆ ಹತ್ತು ದಿನ ತಡವಾದರೂ ವರ್ಷವೇ ಹೋದಂತೆ. ಆ ಹತ್ತು ದಿನಗಳಲ್ಲಿ ಸಾವಕಾರನು ಕೇಳಿದ ಬಡ್ಡಿಯೇ ಬಡ್ಡಿ, ಬರೆದ ಕಾಗದವೇ ಕಾಗದ. ಸರಕಾರವು 1883ರಲ್ಲಿಯೂ 1884ರಲ್ಲಿಯೂ ತಗಾವಿ ಸಾಲದ ಕಾಯಿದೆಗಳನ್ನು ಮಾಡಿತು, ನಿಜ; ಆದರೆ ಅರ್ಜಿಯು ಚಾವಡಿಯಿಂದ ಕಚೇರಿಗೆ, ಕಚೇರಿಯಿಂದ ಚಾವಡಿಗೆ ತಿರುಗುವಷ್ಟರಲ್ಲಿ ಹದ ಆರಿರುತ್ತಿದ್ದಿತು. ಇಷ್ಟಾಗಿಯೂ ಸಾವಕಾರನನ್ನು ರಾಕ್ಷಸನೆಂದು ಚಿತ್ರಿಸುವುದು ನ್ಯಾಯವಲ್ಲ. ಆ ವೇಳೆಗೆ ಹಣ ಹಿಡಿದು ಬಾಗಿಲಿಗೆ ಬರುವವನು ಅವನೊಬ್ಬನೇ ಆಗಿದ್ದನು. ಅವನ ಬಲವೆಲ್ಲ ಅವನು ಒಬ್ಬನೇ ಆಗಿದ್ದುದರಲ್ಲಿ ಇದ್ದಿತು.

1884ರ ಸುಮಾರಿಗೆ ಗದಗಿಗೆ ಉಗಿಬಂಡಿ ಬಂದಿತು. ಒಂದು ಹಾದಿ ಬಳ್ಳಾರಿಗೆ, ಒಂದು ಹುಬ್ಬಳ್ಳಿಗೆ, ಒಂದು ಹೊಟಗಿಗೆ ಎಂದು ಕೆಲವೇ ವರ್ಷಗಳಲ್ಲಿ ಗದಗು ಮೂರು ದಾರಿಗಳ ಕೂಟವಾಗಿ, ಹತ್ತಿಯ ಪೇಟೆ ಬೆಳೆಯಿತು. ಹಿಂದೆ ಎತ್ತಿನ ಹೇರುಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋಗುತ್ತಿದ್ದ ಅರಳೆಯು ಈಗ ಡಬ್ಬಿಯಲ್ಲಿ ಹೋಗತೊಡಗಿತು. ಒಕ್ಕಲಿಗನಿಗೆ ಪೇಟೆ ಹತ್ತಿರವಾಯಿತು. ಆದರೆ ಬೆಳೆ ಬರುವ ಮೊದಲೇ ಸಾಲಕ್ಕೆ ಒತ್ತೆಬಿದ್ದ ಹತ್ತಿಯ ಬೆಲೆಯನ್ನು ಪೇಟೆ ಕಟ್ಟಲಿಲ್ಲ, ಸಾಲ ಕೊಟ್ಟವನು ಕಟ್ಟಿದನು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ ಧಾರವಾಡಗಳನ್ನು ಬರಿದುಮಾಡಿ, ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡುದೂ ಆ ತಲೆಮಾರಿನವರು ಅನುಭವಿಸಿದ ಕಷ್ಟಗಳಲ್ಲೊಂದು.

ಇಂಥ ಅರುವತ್ತು ವರ್ಷಗಳನ್ನು ಕಂಡ ಮೇಲೆ, 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಜಾರಿಯಾಯಿತು. ಲಾರ್ಡ್ ಕರ್ಜನನು ಆಗ ವೈಸರಾಯನಾಗಿದ್ದನು. ಇದರ ಮೂಲವು ಜರ್ಮನಿ ದೇಶದಲ್ಲಿದೆ. ಅಲ್ಲಿ ರೈಫೈಸನ್ ಎಂಬ ಮಹನೀಯನು 1888ರಲ್ಲಿ ತೀರಿಕೊಳ್ಳುವ ಮೊದಲು ಹಳ್ಳಿಹಳ್ಳಿಗಳಲ್ಲಿ ರೈತರ ಸಾಲದ ಸಂಘಗಳನ್ನು ನೆಲೆಗೊಳಿಸಿದ್ದನು. ಮದ್ರಾಸು ಸರಕಾರದ ಪರವಾಗಿ ಫ್ರೆಡರಿಕ್ ನಿಕಲ್ಸನ್ ಸಾಹೇಬನು ಆ ಸಂಘಗಳನ್ನು ಅಭ್ಯಸಿಸಿ ವಿಸ್ತಾರವಾದ ವರದಿಯನ್ನು ಬರೆದನು. ಕಾಯಿದೆಯ ನಿಯಮಗಳು ಸರಳ. ಒಂದೇ ಊರಿನ ಹತ್ತು ಜನ ಪ್ರೌಢರು ಕೂಡಿದರೆ ಸಂಘವಾಗಬಹುದು. ಗ್ರಾಮಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಒಕ್ಕಲಿಗರೇ ಆಗಿರಬೇಕು. ಸಾಲವು ಸದಸ್ಯರಿಗೆ ಮಾತ್ರ. ಲಾಭವನ್ನು ಹಂಚಿಕೊಳ್ಳಕೂಡದು, ಅದು ಕಾಪುನಿಧಿಗೆ ಸೇರಬೇಕು. ವರ್ಷಕ್ಕೊಮ್ಮೆಯಾದರೂ ರಿಜಿಸ್ಟ್ರಾರನ ಕಡೆಯಿಂದ ಲೆಕ್ಕ ತಪಾಸಣೆಯಾಗಬೇಕು. ಎಲ್ಲಕ್ಕಿಂತ ಬಿರುಸಾದುದು ಕೊನೆಯ ನಿಯಮ: ಗ್ರಾಮಸಂಘದ ಸದಸ್ಯರ ಹೊಣೆಯು ಅಪರಿಮಿತ. ಎಂದರೆ ಸಂಘವು ಸಾಲ ತೀರಿಸಲಾರದೆ ಹೋದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಸಮಸ್ತ ಆಸ್ತಿಯಿಂದ ಅದಕ್ಕೆ ಉತ್ತರವಾದಿ.

1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವು ಸ್ಥಾಪಿತವಾಯಿತು. ಈ ಒಂದು ವಾಕ್ಯವನ್ನು ಓದಿ ಮುಂದೆ ಹೋಗುವುದು ಸುಲಭ. ಆ ದಿನಗಳಲ್ಲಿ ಹಳ್ಳಿಯವನಿಗೆ ಅದರ ಅರ್ಥವೇನಾಗಿದ್ದಿತೆಂಬುದನ್ನು ತುಸು ನಿಂತು ವಿಚಾರಿಸಬೇಕು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿಯು ಎಂದಿನಿಂದಲೋ ಇದ್ದಿತು. ನನ್ನ ಹೊಲಕ್ಕೆ ನೀನು, ನಿನ್ನ ಹೊಲಕ್ಕೆ ನಾನು ಎಂದು ಮೈದುಡಿಮೆಯನ್ನು ಕೊಟ್ಟು ಕೊಳ್ಳುತ್ತಿದ್ದರು. ಆದರೆ ಹಣದಲ್ಲಿ ಮುಯ್ಯಿಯಿರಲಿಲ್ಲ. ನೆರೆಯವನ ಸಾಲಕ್ಕೆ ಜಾಮೀನು ನಿಂತು ಮನೆ ಕಳೆದುಕೊಂಡವರ ಕಥೆಗಳು ಪ್ರತಿಯೊಂದು ಊರಿನಲ್ಲಿಯೂ ಇದ್ದವು. ಅಂಥಲ್ಲಿ, ಊರಿನ ಹಿರಿಯನೊಬ್ಬನು ಕಟ್ಟೆಗೆ ಬಂದು, ನಾವೆಲ್ಲರೂ ಒಬ್ಬೊಬ್ಬರ ಸಾಲಕ್ಕೆ ನಮ್ಮ ಹೊಲಮನೆಗಳನ್ನು ಹೊಣೆಮಾಡೋಣವೆಂದು ಹೇಳಿದರೆ, ಕೇಳುವವರು ಕಾಯಿದೆಯ ಕಲಮುಗಳನ್ನು ನೋಡುವುದಿಲ್ಲ. ಹೇಳಿದವನ ಮುಖವನ್ನು ನೋಡುತ್ತಾರೆ. ಅವನ ತಂದೆ ಯಾರೆಂಬುದನ್ನೂ, ಬರದಲ್ಲಿ ಅವನು ಹೇಗೆ ನಡೆದನೆಂಬುದನ್ನೂ, ಅವನಿಗೆ ಕಳೆದುಕೊಳ್ಳಲು ಹೊಲವಿದೆಯೇ ಎಂಬುದನ್ನೂ ತೂಗಿ ನೋಡುತ್ತಾರೆ. ಅಪರಿಮಿತ ಹೊಣೆಯ ಸಂಘದಲ್ಲಿ ಹೆಚ್ಚು ಹೊಲವುಳ್ಳವನಿಗೇ ಹೆಚ್ಚು ಅಪಾಯ. ಬಡ ಸದಸ್ಯನು ಸಾಲ ಮುಳುಗಿಸಿದರೆ ಹೋಗುವುದು ಗೌಡನ ಹೊಲ. ಅಜ್ಜನ ವಯಸ್ಸಿನ ಮನುಷ್ಯನು ಇದನ್ನು ಒಪ್ಪಿದನೆಂದರೆ ತನ್ನ ಮೊಮ್ಮಕ್ಕಳ ಪಾಲನ್ನು ಊರಿನ ನಡತೆಯ ಮೇಲೆ ಒತ್ತೆಯಿಟ್ಟನೆಂದೇ ತಿಳಿಯಬೇಕು. ಹಳೆಯ ಸಾಲದಲ್ಲಿ ಮೊಮ್ಮಕ್ಕಳು ಸಾವಕಾರನಿಗೆ ಒತ್ತೆಯಾಗಿದ್ದರು. ಇಲ್ಲಿ ಒತ್ತೆ ಹಿಡಿದವರು ನೆರೆಯವರೇ ಆದರು.

ಸಂಘದ ಕೆಲಸವು ನಡೆಯುವ ರೀತಿಯೂ ಈ ಹೊಣೆಯಿಂದಲೇ ಹುಟ್ಟಿತು. ಯಾರಿಗೆ ಎಷ್ಟು ಕೊಡಬಹುದೆಂಬುದನ್ನು ಕಚೇರಿಯವರಿಗಿಂತ ಊರವರು ಬಲ್ಲರು. ಎತ್ತಿಗೆಂದು ಹಣ ಪಡೆದವನು ಎತ್ತು ತಂದನೋ ಇಲ್ಲವೋ ಎಂದು ಪಾರುಪತ್ಯಗಾರನು ಬಂದು ನೋಡಬೇಕಾಗಿಲ್ಲ. ಮರುದಿನವೇ ನೆರೆಯವನಿಗೆ ಕಾಣುತ್ತದೆ. ಇದನ್ನು ಕೆಲವರು ದಾಸೋಹಕ್ಕೆ ಹೋಲಿಸಿ ಹೊಗಳುವುದುಂಟು. ಹೋಲಿಕೆಯು ಪೂರ್ತಿ ಸರಿಯಲ್ಲ. ದಾಸೋಹದಲ್ಲಿ ಕೊಟ್ಟುದನ್ನು ನೆನೆಯಬಾರದು. ಸಂಘದಲ್ಲಿ ಕೊಟ್ಟುದನ್ನು ಮರೆಯಬಾರದು. ಮರೆತ ಸಂಘಗಳು ಮುಂದೆ ಮುಳುಗಿದವು.

ಕಣಗಿನಹಾಳದ ಸಂಘವು ಏಷ್ಯಾ ಖಂಡಕ್ಕೇ ಮೊದಲನೆಯದೆಂದು ಅಭಿಮಾನದಿಂದ ಬರೆಯುವವರುಂಟು. ಚರಿತ್ರೆಯನ್ನು ಬರೆಯುವವರು ಇಲ್ಲಿ ಎಚ್ಚರಿಕೆಯಿಂದಿರಬೇಕು. ಬಡೋದೆಯಲ್ಲಿ ವಿಠ್ಠಲ ಲಕ್ಷ್ಮಣ ಕವಠೇಕರರು 1889ರಲ್ಲಿಯೇ ಅನ್ಯೋನ್ಯ ಸಹಕಾರಿ ಮಂಡಳಿಯನ್ನು ಸ್ಥಾಪಿಸಿದ್ದರು. ಜಪಾನು ದೇಶದಲ್ಲಿ 1900ರಲ್ಲಿಯೇ ಸಹಕಾರ ಸಂಘಗಳ ಕಾಯಿದೆಯಾಗಿದ್ದಿತು. ಮದ್ರಾಸು ಪ್ರಾಂತದ ತಿರೂರಿನವರು ತಮ್ಮ ಸಂಘವು 1904ರದೆಂದು ಹೇಳಿಕೊಳ್ಳುವರು. ಮುಂಬಯಿ ಇಲಾಖೆಯಲ್ಲಿ ಹೊಸ ಕಾಯಿದೆಯ ಮೇರೆಗೆ ಒಕ್ಕಲಿಗರು ಕಟ್ಟಿದ ಆದ್ಯ ಸಂಘವೆಂಬ ಕೀರ್ತಿಯು ಕಣಗಿನಹಾಳಕ್ಕೆ ಸಾಕು. ಅಂಥ ದೊಡ್ಡ ಇಲಾಖೆಯಲ್ಲಿ, ಪುಣೆ ಮುಂಬಯಿಗಳ ವಿದ್ಯಾವಂತರನ್ನು ಹಿಂದೆ ಹಾಕಿ, ಎರೆನಾಡಿನ ಒಂದು ಕನ್ನಡ ಹಳ್ಳಿಯು ಮುಂದೆ ಬಂದುದು ಸಣ್ಣ ಮಾತಲ್ಲ.

ಅದೇ 1905ರಲ್ಲಿ ಗದಗಿನ ಮಗ್ಗುಲಿನ ಬೆಟಗೇರಿಯಲ್ಲಿಯೂ ಪತ್ತಿನ ಸಂಘವಾಯಿತು. ನೇಕಾರರ ಊರಾದ ಬೆಟಗೇರಿಯೂ ಒಕ್ಕಲಿಗರ ಊರಾದ ಕಣಗಿನಹಾಳವೂ ಒಂದೇ ವರ್ಷದಲ್ಲಿ ಎಚ್ಚರಗೊಂಡವು. 1912ರ ಕಾಯಿದೆಯಿಂದ ಸಾಲದ ಹೊರತಾದ ಉದ್ದೇಶಗಳಿಗೂ ಸಂಘ ಕಟ್ಟುವ ಅವಕಾಶ ದೊರೆಯಿತು. ಹುಬ್ಬಳ್ಳಿಯಲ್ಲಿ 1915ರಲ್ಲಿ ಹತ್ತಿ ಮಾರಾಟದ ಸಂಘವು ಆರಂಭವಾಯಿತು. ಒಕ್ಕಲಿಗನ ಹತ್ತಿಯ ಬೆಲೆಯನ್ನು ಸಾಲ ಕೊಟ್ಟವನು ಕಟ್ಟುವ ಹಳೆಯ ರೂಢಿಗೆ ಅದು ಮೊದಲನೆಯ ಪೆಟ್ಟು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಸಹಕಾರಿ ಬ್ಯಾಂಕು ಸ್ಥಾಪನೆಯಾಗಿ ಹಳ್ಳಿಯ ಸಂಘಗಳಿಗೆ ಬೆನ್ನೆಲುಬಾಯಿತು. ಎಪ್ಪತ್ತು ದಾಟಿದ್ದ ಸಿದ್ದನಗೌಡರು ಇವೆಲ್ಲವುಗಳನ್ನೂ ಕಂಡರು. 1918ರ ಜ್ವರದ ಹಾವಳಿಯನ್ನೂ ಕಂಡರು. ಧಾತು ಸಂವತ್ಸರದ ಬರದಲ್ಲಿ ಬದುಕಿದ ಎಷ್ಟೋ ಹಿರಿಯರ ಮನೆಗಳಲ್ಲಿ ಆ ಜ್ವರವು ತರುಣರನ್ನೇ ಆರಿಸಿ ಒಯ್ದಿತು.

ಅವರ ಕೊನೆಯ ವರ್ಷಗಳು ಒಕ್ಕಲಿಗರಿಗೆ ಒಳ್ಳೆಯವಾಗಿರಲಿಲ್ಲ. 1929ರಿಂದ ಲೋಕದಲ್ಲೆಲ್ಲ ಬೆಲೆಗಳು ಬಿದ್ದವು. ಹತ್ತಿ ಬೆಳೆದವನಿಗೆ 1865ರ ಅನುಭವವೇ ಮತ್ತೊಮ್ಮೆ ಬಂದಿತು. ಸಂಘಗಳಲ್ಲಿ ಬಾಕಿ ಬೆಳೆಯಿತು. ಅಪರಿಮಿತ ಹೊಣೆಯ ಭಯದಿಂದ ಅನುಕೂಲಸ್ಥರು ಹಿಂಜರಿದರು. 1933ರಲ್ಲಿ, ಶ್ರೀಮುಖ ಸಂವತ್ಸರವು ಕಾಲಿಟ್ಟ ವರ್ಷದಲ್ಲಿ, ತೊಂಬತ್ತರ ಪ್ರಾಯದಲ್ಲಿ ಸಿದ್ದನಗೌಡರು ಲಿಖಿತ ತೀರಿಸಿದರು.

ಅವರು ಹಾಕಿದ ಬೀಜವು ಕೂಡಲೇ ಹೆಮ್ಮರವಾಯಿತೆಂದು ಹೇಳುವುದು ಸತ್ಯಕ್ಕೆ ದೂರವಾಗುವುದು. ಗೋರವಾಲಾ ಅವರ ಅಧ್ಯಕ್ಷತೆಯಲ್ಲಿ ನಡೆದು 1954ರಲ್ಲಿ ಪ್ರಕಟವಾದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯಂತೆ, ಒಕ್ಕಲಿಗರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರವಿದ್ದು, ಸಾವಕಾರರ ಪಾಲು ಎಪ್ಪತ್ತರಷ್ಟು ಇದ್ದಿತು. ಕಣಗಿನಹಾಳದ ಸಂಘ ಹುಟ್ಟಿ ಸುಮಾರು ಅರ್ಧ ಶತಮಾನವಾಗುತ್ತ ಬಂದಾಗಿನ ಲೆಕ್ಕವಿದು. ಆ ವರದಿಯ ನಂತರ ಸರಕಾರವೇ ಸಂಘಗಳಲ್ಲಿ ಪಾಲು ಹಾಕಿತು; ದೊಡ್ಡ ಸಂಘಗಳು ಬಂದವು; ಅಪರಿಮಿತ ಹೊಣೆಯ ಜಾಗದಲ್ಲಿ ಪರಿಮಿತ ಹೊಣೆಯು ರೂಢಿಯಾಯಿತು. ಹಣ ಹೆಚ್ಚಿತು, ಹೊಲಮನೆಯ ಭಯ ಹೋಯಿತು; ಅದರೊಡನೆ ನೆರೆಯವನ ಎತ್ತನ್ನು ನೋಡಿ ಬರುವ ಕಾಳಜಿಯೂ ಸಡಿಲವಾಯಿತೆಂದು ಹಳೆಯ ಕಾರ್ಯಕರ್ತರು ನೊಂದುಕೊಳ್ಳುವುದುಂಟು. ಗೌಡಕಿಯ ವತನವು 1961ರ ಗ್ರಾಮಾಧಿಕಾರ ರದ್ದತಿಯ ಕಾಯಿದೆಯಿಂದ ಇಲ್ಲವಾಯಿತು. ವಿಜ್ಞಾನೇಶ್ವರರ ಕಾಲದಿಂದ ನಡೆದುಬಂದ ಧರ್ಮಬಾಧ್ಯತೆಯನ್ನು, ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿಯು ಹೊಸ ಸಾಲಗಳ ಮಟ್ಟಿಗೆ ತೆಗೆದುಹಾಕಿತು. ತಂದೆ, ಅಜ್ಜ, ಮುತ್ತಜ್ಜರ ಸಾಲವೆಂಬ ಧರ್ಮದ ಕಾರಣವೊಂದರಿಂದಲೇ ಮಗನ, ಮೊಮ್ಮಗನ ಮೇಲೆ ದಾವೆ ಹೂಡುವ ಹಕ್ಕು ಅಂಥ ಸಾಲಗಳಿಗೆ ಉಳಿಯಲಿಲ್ಲ. ಆ ತಿದ್ದುಪಡಿಯು ಜಾರಿಗೆ ಬಂದುದು 2005ರ ಸಪ್ಟೆಂಬರ 9ರಂದು, ಕಣಗಿನಹಾಳದ ಸಂಘಕ್ಕೆ ನೂರು ವರ್ಷ ತುಂಬಿದ ವರ್ಷದಲ್ಲಿ.